ಪಾತಾಳಕ್ಕೆ ಇಳಿದ ಸಾಲು

ಚರ್ಚಿನಲ್ಲಿ ಪಕ್ಕದವರ ದನಿ ನಿಂತರೆ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಕಳೆದ ಅಕ್ಟೋಬರ್‌ನ ಕೊನೆಯ ಭಾನುವಾರ ಬೆಳಗಿನ ಪೂಜೆಯಲ್ಲಿ ನನ್ನ ತಂಗಿಯ ಮಗಳು ನನ್ನ ಎಡಕ್ಕೆ ನಿಂತಿದ್ದಳು. ಓದಲೆಂದು ಅಮೆರಿಕಕ್ಕೆ ಹೋದವಳು ಅಲ್ಲಿಯೇ ಕೆಲಸಕ್ಕೆ ಸೇರಿ 9 ವರ್ಷವಾಯಿತು. ಅಜ್ಜಿ ತೀರಿಕೊಂಡಾಗ ಬರಲು ಆಗಿರಲಿಲ್ಲ. ಎರಡನೇ ವರ್ಷದ ಪೂಜೆಗಾದರೂ ಇರಬೇಕು ಎಂದು ರಜೆ ಹೊಂದಿಸಿಕೊಂಡು ಕಾರವಾರಕ್ಕೆ ಬಂದಿದ್ದಳು.

ಗುರುಗಳ ಉಪದೇಶ ಮುಗಿಯಿತು. ಎಲ್ಲರೂ ಎದ್ದು, ನಮ್ಮ ನಂಬಿಕೆಯ ಸಾರವನ್ನು ಸಾಲುಸಾಲಾಗಿ ಹೇಳುವ ಪ್ರೇಷಿತರ ವಿಶ್ವಾಸ ಪ್ರಮಾಣ ಹೇಳತೊಡಗಿದೆವು. 'ಸರ್ವಶಕ್ತ ಪಿತನಾದ ದೇವರನ್ನು ವಿಶ್ವಾಸಿಸುತ್ತೇನೆ' ಎನ್ನುವಾಗ ಅವಳ ದನಿ ಸ್ಪಷ್ಟವಾಗಿತ್ತು. 'ಕನ್ಯಾ ಮರಿಯಮ್ಮನವರಿಂದ ಜನಿಸಿ' ಎಂಬಲ್ಲಿ ನಿಂತಿತು. 'ಪಿಲಾತನ ಕಾಲದಲ್ಲಿ ಪಾಡುಪಟ್ಟು, ಶಿಲುಬೆಗೆ ಜಡಿಯಲ್ಪಟ್ಟು' ಎಂಬಲ್ಲಿ ಮತ್ತೆ ಬಂತು, ಮೊದಲಿಗಿಂತ ಗಟ್ಟಿಯಾಗಿ. 'ಪಾತಾಳಕ್ಕೆ ಇಳಿದು' ಎಂಬಲ್ಲಿ ಪುನಃ ಮೌನ. 'ಮೂರನೆಯ ದಿನ' ಎನ್ನುವಾಗ ತುಟಿ ಅಲ್ಲಾಡಿತು, ಆದರೆ ದನಿ ಹೊರಡಲಿಲ್ಲ. ಪಾಪಕ್ಷಮೆಗೆ ದನಿ ಕೂಡಿಸಿದಳು. ಶರೀರದ ಪುನರುತ್ಥಾನಕ್ಕೆ ಇಲ್ಲ.

22 ವರ್ಷ ಭಾನುವಾರದ ಧರ್ಮೋಪದೇಶ ತರಗತಿ ನಡೆಸಿದವನು ನಾನು. ಈ ಪ್ರಮಾಣವನ್ನು ಅವಳಿಗೆ ಬಾಯಿಪಾಠ ಮಾಡಿಸಿದ್ದೂ ನಾನೇ, ಅವಳಿಗೆ 7 ವರ್ಷವಿದ್ದಾಗ, ನಮ್ಮ ಮನೆಯ ಜಗಲಿಯಲ್ಲಿ. ಎದೆಯೊಳಗೆ ಏನೋ ಕುಸಿದಂತಾಯಿತು.

ಮನೆಗೆ ಬಂದು ಪಾವ್ ಮುರಿದು ಚಹಾದಲ್ಲಿ ಅದ್ದುವಾಗ ಅವಳೇ ಮಾತು ತೆಗೆದಳು. "ಮಾಮ, ನಾನು ಸುಮ್ಮನಿದ್ದದ್ದು ನಿಮಗೆ ಗೊತ್ತಾಯಿತಲ್ಲ? ನಂಬದೆ ಇರುವುದನ್ನು ದೇವರ ಎದುರು ನಿಂತು ನಂಬುತ್ತೇನೆ ಅಂತ ಹೇಳಲಿಕ್ಕೆ ಮನಸ್ಸು ಬರುವುದಿಲ್ಲ. ಸುಳ್ಳು ಹೇಳಬಾರದು ಅಂತ ಕಲಿಸಿದವರು ನೀವೇ." ನಾವು ಮಾತಾಡಿದ್ದು ಕೊಂಕಣಿಯಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆ ವಾರವೆಲ್ಲ ದಿನಾ ಸಂಜೆ ಕಡಲ ದಂಡೆಯಲ್ಲಿ ನಡೆಯುತ್ತ ಇದನ್ನೇ ಮಾತಾಡಿದೆವು. ಅವಳು ಹೋಗುವ ಸಭೆ ತನ್ನನ್ನು ಪ್ರಗತಿಪರ ಕ್ರೈಸ್ತ ಸಭೆ ಎಂದು ಕರೆದುಕೊಳ್ಳುತ್ತದೆ. ಅಲ್ಲಿ ವಿಶ್ವಾಸ ಪ್ರಮಾಣ ಹೇಳುವ ಪದ್ಧತಿ ಇಲ್ಲ. ಬೈಬಲ್ ಓದುತ್ತಾರೆ. ಆದರೆ ಅದನ್ನು ದೇವರ ಬಾಯಿಂದ ನೇರವಾಗಿ ಬಂದ, ತಪ್ಪಿಲ್ಲದ ಮಾತು ಎಂದಲ್ಲ, ದೇವರನ್ನು ಹುಡುಕಿ ಹೊರಟ ಮನುಷ್ಯರು ತಮ್ಮ ಕಾಲದ ಬೆಳಕಿನಲ್ಲಿ ಬರೆದಿಟ್ಟದ್ದು ಎಂದು ಓದುತ್ತಾರೆ. ಯೇಸು ಅವರಿಗೆ ಗುರು, ದೇವರ ಕರುಣೆಯನ್ನು ಬದುಕಿ ತೋರಿಸಿದವನು. ಅವನೊಬ್ಬನೇ ದಾರಿ ಎಂದು ಅವರು ಹೇಳುವುದಿಲ್ಲ. ನರಕದ ಮಾತೇ ಇಲ್ಲ. ಪುನರುತ್ಥಾನ ಎಂದರೆ ಸಮಾಧಿ ಬರಿದಾಯಿತು ಎಂಬುದಕ್ಕಿಂತ, ಅವನ ಶಿಷ್ಯರ ಎದೆಯಲ್ಲಿ ಅವನು ಮತ್ತೆ ಎದ್ದ ಎಂಬ ಅರ್ಥ. ಅವಳ ಇಬ್ಬರು ಗೆಳತಿಯರು ದಂಪತಿಯಾಗಿ ಬಾಳುತ್ತಿದ್ದಾರೆ. ಅವರಿಗೆ ಅಲ್ಲಿ ಎಲ್ಲರ ಜೊತೆ ರೊಟ್ಟಿ, ದ್ರಾಕ್ಷಾರಸ ಸಿಗುತ್ತದೆ. "ಅವರನ್ನು ಯಾರೂ ಬಾಗಿಲಲ್ಲಿ ನಿಲ್ಲಿಸಿ ವಿಚಾರಿಸುವುದಿಲ್ಲ ಮಾಮ" ಎಂದಳು. ನಮ್ಮ ಕಥೋಲಿಕ ಸಭೆ 2023ರ ಡಿಸೆಂಬರ್‌ನಲ್ಲಿ ಅಂಥವರನ್ನು ಗುರುಗಳು ಆಶೀರ್ವದಿಸಬಹುದು ಎಂದಿತು. ಅದು ಮದುವೆಯಂತೆ ಕಾಣಬಾರದು, ಪೂಜಾವಿಧಿಯೂ ಆಗಬಾರದು ಎಂಬ ಷರತ್ತುಗಳೊಡನೆ. ಅವಳಿಗೆ ಅದು ಬಾಗಿಲ ಸಂದಿಯಿಂದ ಕೊಟ್ಟ ಆಶೀರ್ವಾದದಂತೆ ಕಂಡಿತ್ತು.

ಇದೆಲ್ಲ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಪ್ರಗತಿಪರ ಕ್ರೈಸ್ತ ಎಂಬ ಹೆಸರಿನ ಕೇಂದ್ರವೊಂದು ಅಮೆರಿಕದಲ್ಲಿ 1994ರಲ್ಲಿ ಶುರುವಾಯಿತು, ನಿಜ. ಅದಕ್ಕೂ ಮೊದಲು, 1985ರಲ್ಲಿ, ಅಲ್ಲಿಯ ವಿದ್ವಾಂಸರು ಒಟ್ಟಾಗಿ ಕುಳಿತು ಯೇಸುವಿನ ಒಂದೊಂದು ಮಾತನ್ನೂ ಅವನೇ ಆಡಿದ್ದೋ ಅಲ್ಲವೋ ಎಂದು ಬಣ್ಣದ ಮಣಿ ಹಾಕಿ ಮತ ಚಲಾಯಿಸುವ ಕೆಲಸ ಹಿಡಿದರು. ಕೆಂಪು ಎಂದರೆ ಖಂಡಿತ ಆಡಿದ್ದು, ಕಪ್ಪು ಎಂದರೆ ಅಲ್ಲ, ನಡುವೆ ಗುಲಾಬಿ ಮತ್ತು ಬೂದು. ಅವಳು ಇದನ್ನು ಹೇಳುವಾಗ ಮೇಜಿನ ಮೇಲೆ ಅಮ್ಮನ ಜಪಸರ ಇತ್ತು. ನನ್ನ ಕೈ ತಾನಾಗಿಯೇ ಹೋಗಿ ಅದನ್ನು ಹಿಡಿದುಕೊಂಡಿತು. ಬೆರಳು ತಿಕ್ಕಿ ತಿಕ್ಕಿ ಅದರ ಮಣಿಗಳ ಬಣ್ಣವೇ ಹೋಗಿದೆ.

ಇನ್ನೂ ಹಿಂದಕ್ಕೆ ಹೋದರೆ 1820 ಸಿಗುತ್ತದೆ. ಅಮೆರಿಕದ ಅಧ್ಯಕ್ಷನಾಗಿದ್ದ ಥಾಮಸ್ ಜೆಫರ್ಸನ್ ಮುಪ್ಪಿನಲ್ಲಿ ಶುಭಸಂದೇಶಗಳ ಪುಟಗಳನ್ನು ಬ್ಲೇಡಿನಿಂದ ಕತ್ತರಿಸಿ, ಪವಾಡಗಳನ್ನು ಬಿಟ್ಟು, ಬೋಧನೆಗಳನ್ನು ಅಂಟಿಸಿ ತನ್ನದೇ ಒಂದು ಪುಸ್ತಕ ಮಾಡಿಕೊಂಡ. ಅದು ಮುಗಿಯುವುದು ಯೇಸುವಿನ ಸಮಾಧಿಗೆ ಕಲ್ಲು ಉರುಳಿಸಿ ಜನ ಹೊರಟುಹೋಗುವಲ್ಲಿ. ಕಲ್ಲಿನಾಚೆ ಏನೂ ಇಲ್ಲ. ಅದೇ 1820ರಲ್ಲಿ ಕಲಕತ್ತೆಯಲ್ಲಿ ರಾಜಾ ರಾಮಮೋಹನರಾಯರು ಯೇಸುವಿನ ಬೋಧನೆಗಳನ್ನಷ್ಟೇ ಆರಿಸಿ ಪ್ರಕಟಿಸಿದರು. ಪವಾಡ ಬೇಡ, ಪಿತ, ಸುತ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎನ್ನುವ ತ್ರಿಯೇಕ ಬೇಡ, ಈ ಬೋಧನೆ ಸಾಕು, ಇದು ಯಾವ ಧರ್ಮದವನಿಗೂ ಹಿತ ಎಂಬುದು ಅವರ ನಿಲುವು. ಬಂಗಾಳದ ಶ್ರೀರಾಮಪುರದ ಮಿಷನರಿ ಮಾರ್ಷ್‌ಮನ್ ಸಿಟ್ಟಾದರು. ಸಿದ್ಧಾಂತವನ್ನು ಕಿತ್ತು ಬೋಧನೆಯನ್ನು ಮಾತ್ರ ಇಟ್ಟುಕೊಂಡರೆ ಅದು ಕ್ರೈಸ್ತ ಧರ್ಮವಾಗಿ ಉಳಿಯುವುದಿಲ್ಲ ಎಂದು ಬರೆದರು. ರಾಯರು ಮೂರು ಸಲ ಉತ್ತರ ಕೊಟ್ಟರು. ರಾಯರ ಜೊತೆ ಬೈಬಲ್ ಅನುವಾದಕ್ಕೆ ಕುಳಿತಿದ್ದ ವಿಲಿಯಂ ಆಡಂ ಎಂಬ ಮಿಷನರಿ ಅವರ ವಾದಕ್ಕೇ ಒಲಿದು ತ್ರಿಯೇಕವನ್ನು ಬಿಟ್ಟುಕೊಟ್ಟ. ಎರಡನೇ ಸಲ ಬಿದ್ದ ಆದಾಮ ಎಂದು ಅವನನ್ನು ಹಂಗಿಸಿದರು.

ನಾವು ನಡೆಯುತ್ತಿದ್ದ ದಂಡೆಗೆ ರವೀಂದ್ರನಾಥ ಟಾಗೋರರ ಹೆಸರು ಸುಮ್ಮನೆ ಬಂದದ್ದಲ್ಲ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, 22ರ ಹರೆಯದ ಕವಿ ಈ ಕಡಲು ನೋಡಲು ಬಂದಿದ್ದರು. ಆ ಮನೆತನದ್ದು ರಾಮಮೋಹನರಾಯರು ಹುಟ್ಟುಹಾಕಿದ ಬ್ರಹ್ಮಸಮಾಜ. ಹಾಗಾಗಿ ಅವಳು ವಿಮಾನ ಹತ್ತಿ ಹೊತ್ತುತಂದ ಪ್ರಶ್ನೆ ಈ ಮರಳಿಗೆ ಹೊಸದಾಗಿರಲಿಲ್ಲ. ಇದನ್ನು ಹೇಳಿದಾಗ ಅವಳ ಮುಖ ಅರಳಿತು.

ಅವಳು ಹೇಳಿದ ಹಲವು ಮಾತು ನನಗೆ ನಾಟಿತು. ಒಂದನ್ನಂತೂ ಮರೆಯಲಾರೆ. "ಮಾಮ, 'ಕನ್ಯಾ ಮರಿಯಮ್ಮನವರಿಂದ ಜನಿಸಿ' ಅಂತ ಹೇಳ್ತೀರಿ. ಅದರ ಬೆನ್ನಿಗೇ 'ಪಿಲಾತನ ಕಾಲದಲ್ಲಿ ಪಾಡುಪಟ್ಟು'. ನಡುವೆ ಏನಿದೆ?" ಎಂದು ಕೇಳಿದಳು. ನಡುವೆ ಇರುವುದು ಒಂದು ಅಲ್ಪವಿರಾಮ. ಬೆಟ್ಟದ ಮೇಲಿನ ಬೋಧನೆ, ಕುಷ್ಠರೋಗಿಯನ್ನು ಮುಟ್ಟಿದ್ದು, ಸುಂಕದವರ ಜೊತೆ ಊಟಕ್ಕೆ ಕೂತದ್ದು, ಕಲ್ಲು ಹಿಡಿದು ನಿಂತವರ ನಡುವಿನಿಂದ ಆ ಹೆಂಗಸನ್ನು ಬದುಕಿಸಿದ್ದು, ಎಲ್ಲ ಆ ವಿರಾಮದಲ್ಲಿ ಮುಳುಗಿಹೋಗಿದೆ. 325ರಲ್ಲಿ ನಿಸೆಯಾದಲ್ಲಿ ಬಿಷಪರು ಸೇರಿ ರೂಪಿಸಿದ ಪ್ರಮಾಣದಲ್ಲೂ ಇದೇ ಕತೆ. ಅವರ ಮುಂದಿದ್ದ ಜಗಳ ಯೇಸು ಯಾರು ಎಂಬುದು, ಏನು ಹೇಳಿದ ಎಂಬುದಲ್ಲ. ಆ ಜಗಳ ಅಂದಿಗೆ ಅಗತ್ಯವಾಗಿತ್ತು ಎಂದು ನಾನು ನಂಬುತ್ತೇನೆ. ಆದರೆ 22 ವರ್ಷ ಮಕ್ಕಳಿಗೆ ಕಲಿಸುವಾಗ ಒಮ್ಮೆಯೂ ನನಗೆ ಈ ವಿರಾಮ ಕಾಣಲಿಲ್ಲವಲ್ಲ.

ಶಿಲುಬೆಯ ವಿಷಯದಲ್ಲೂ ಅವಳ ಪ್ರಶ್ನೆ ಹರಿತವಾಗಿತ್ತು. ಕ್ಷಮಿಸಲು ದೇವರಿಗೆ ರಕ್ತ ಏಕೆ ಬೇಕು? ಯೇಸು ಹೇಳಿದ ಕತೆಯಲ್ಲಿ ದುಂದುಗಾರ ಮಗ ಮನೆಗೆ ಬಂದಾಗ ತಂದೆ ಓಡಿಬಂದು ತಬ್ಬಿಕೊಂಡ, ಮೊದಲು ಯಾರಾದರೂ ಸಾಯಲಿ ಅನ್ನಲಿಲ್ಲ. ನಾನು ಚಿಕ್ಕಂದಿನಲ್ಲಿ ಕಲಿತ ಲೆಕ್ಕ ಹೀಗಿತ್ತು: ಪಾಪದಿಂದ ದೇವರ ಮಾನಕ್ಕೆ ಧಕ್ಕೆಯಾಯಿತು, ಅನಂತನಿಗೆ ಆದ ಧಕ್ಕೆಯನ್ನು ಮನುಷ್ಯ ತೀರಿಸಲಾರ, ಆದ್ದರಿಂದ ದೇವಪುತ್ರನೇ ತೀರಿಸಿದ. ಈ ಲೆಕ್ಕ ಬರೆದವರು 11ನೇ ಶತಮಾನದ ಕೊನೆಯಲ್ಲಿದ್ದ ಸಂತ ಆನ್ಸೆಲ್ಮ್. ಅದು ಒಡೆಯರ, ಒಕ್ಕಲುಗಳ ಕಾಲ. ಒಡೆಯನ ಮಾನಕ್ಕೆ ಧಕ್ಕೆ ತಂದ ಒಕ್ಕಲು ತಲೆ ತಗ್ಗಿಸಿ ತೆರಬೇಕಾಗಿದ್ದ ಕಾಲ. ಗೇಣಿ ಕೊಡಲಾಗದೆ ಒಡೆಯರ ಅಂಗಳದಲ್ಲಿ ಕೈಕಟ್ಟಿ ನಿಂತವರ ಮೊಮ್ಮಗ ನಾನು. ದೇವರು ಆ ಒಡೆಯನ ಹಾಗಿರಲಾರ ಎಂದು ಅವಳು ಹೇಳಿದಾಗ ಇಲ್ಲ ಎನ್ನಲು ನನ್ನಿಂದಾಗಲಿಲ್ಲ. ಸಮಾಧಾನವೆಂದರೆ, ಪುರಾತನ ಪ್ರಮಾಣಗಳು ಈ ಲೆಕ್ಕವನ್ನು ಹೇಳುವುದೇ ಇಲ್ಲ. ನಿಸೆಯಾದ ಪ್ರಮಾಣ ನಮಗೋಸ್ಕರ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ.

ಬೇರೆ ಧರ್ಮದವರ ಮಾತು ಬಂದಾಗ ನಮಗೆ ಹೆಚ್ಚು ವಾದವಿರಲಿಲ್ಲ. ಈ ಜಿಲ್ಲೆಯಲ್ಲಿ ಬೆಳೆದವರಿಗೆ ಅದು ಪುಸ್ತಕದಿಂದ ಕಲಿಯಬೇಕಾದ್ದಲ್ಲ. ಹಳಿಯಾಳದ ಕಡೆಯ ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಹಿರಿಯರಿಗೆ ಎಡೆಯಿಡುವಾಗ ಈ ಮೂರೂ ಒಂದೇ. 1965ರ ಅಕ್ಟೋಬರ್ 28ರಂದು ವ್ಯಾಟಿಕನ್ ಮಹಾಸಭೆ, ಬೇರೆ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದದ್ದು ಯಾವುದಿದ್ದರೂ ನಾವು ಅದನ್ನು ತಳ್ಳಿಹಾಕುವುದಿಲ್ಲ ಎಂದು ಘೋಷಿಸಿತು. ನಮ್ಮ ಊರಿನವರು ಅದನ್ನು ಓದದೆಯೇ ಹಾಗೆ ಬದುಕಿದ್ದರು.

ಅದೇ 1965ರ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ಈಗ ಹೇಳಬೇಕು. ನಾನು ಹುಟ್ಟುವುದಕ್ಕೆ ಎರಡು ವರ್ಷ ಮೊದಲಿನ ಮಾತು. ಅಮ್ಮನಿಗೆ ಆಗ 22. ಚೊಚ್ಚಲ ಹೆರಿಗೆ, ಮನೆಯಲ್ಲೇ. ಹೊಳೆ ತುಂಬಿ ದೋಣಿ ನಿಂತಿತ್ತು. ಹೆರಿಗೆ ಮಾಡಿಸಲು ಬಂದವಳು ಪಕ್ಕದ ಕೇರಿಯ ಹಾಲಕ್ಕಿ ಒಕ್ಕಲಿಗರ ಅಜ್ಜಿ, ಕೊರಳ ತುಂಬ ಕರಿಮಣಿ ಸರಗಳ ಹೊರೆ. ಗಂಡು ಮಗು ಹುಟ್ಟಿತು. ಅಳು ಸಣ್ಣಗಿತ್ತಂತೆ, ಬೆಕ್ಕಿನ ಮರಿಯ ಹಾಗೆ. ಮೂರು ತಾಸು ಉಸಿರಾಡಿತು.

ಮಗುವನ್ನು ಸಭೆಗೆ ಸೇರಿಸಿಕೊಳ್ಳುವ ಜ್ಞಾನಸ್ನಾನ ಆಗಿರಲಿಲ್ಲ. ಅಪ್ಪ ಹೋಗಿ ಕೇಳಿದಾಗ, ಅಂಥ ಮಗುವಿಗೆ ಚರ್ಚಿನ ಮಣ್ಣು ಸಿಗುವುದಿಲ್ಲ ಎಂಬ ಉತ್ತರ ಬಂತು. ಸಭೆಯ ಆಗಿನ 1917ರ ಕಾನೂನಿನಲ್ಲಿ ಹಾಗೆಯೇ ಇತ್ತು. ಉತ್ತರ ಕೊಟ್ಟವರು ತಮ್ಮ ಕಡೆಯಿಂದ ಏನೂ ಸೇರಿಸಿರಲಿಲ್ಲ. ಅಪ್ಪ ಮಗುವನ್ನು ಅಮ್ಮನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಚಹಾ ಪೆಟ್ಟಿಗೆಯ ಹಲಗೆ ಬಡಿದು ಮಾಡಿದ ಡಬ್ಬಿಯಲ್ಲಿಟ್ಟು, ಸ್ಮಶಾನದ ಚಿರೇಕಲ್ಲಿನ ಗೋಡೆಯ ಹೊರಗೆ, ಗೇರು ಮರದ ಬುಡದಲ್ಲಿ ಹೂತು ಬಂದರು. ಶಿಲುಬೆ ಇಲ್ಲ, ಗಂಟೆ ಇಲ್ಲ.

ಅಮ್ಮ ಜೀವಮಾನವಿಡೀ ಕೊರಗಿದ್ದು ಗೋಡೆಗಲ್ಲ, ನೀರಿಗೆ. ಪ್ರಾಣ ಹೋಗುವ ಹೊತ್ತಿನಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು, ಕ್ರೈಸ್ತರೇ ಆಗಬೇಕಿಲ್ಲ ಎಂಬುದು ನಮ್ಮ ಸಭೆಯ ಬೋಧನೆ. ಸಭೆ ಬಯಸುವುದನ್ನೇ ತಾನೂ ಬಯಸಿ, ನೀರು ಹೊಯ್ದು, ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ಎಂದರೆ ಸಾಕು. ಆ ಹಾಲಕ್ಕಿ ಅಜ್ಜಿಯೇ ಕೊಡಬಹುದಿತ್ತು. ಇದು ಅಮ್ಮನಿಗೆ ತಿಳಿದದ್ದು ವರ್ಷಗಳ ನಂತರ, ಒಂದು ತಪಸ್ಸುಕಾಲದ ಧ್ಯಾನಕೂಟದಲ್ಲಿ. "ಹಂಡೆಯ ತುಂಬ ಬಿಸಿನೀರು ಅಲ್ಲೇ ಇತ್ತು ಮಗ, ತಂಬಿಗೆ ಅದರ ಬಾಯಿಯ ಮೇಲೇ ಇತ್ತು" ಎಂದು ನನಗೆ ಎಷ್ಟು ಸಲ ಹೇಳಿದ್ದಳೋ.

ಅಂಥ ಮಕ್ಕಳು ಎಲ್ಲಿಗೆ ಹೋಗುತ್ತವೆ? ಸಂತ ಅಗಸ್ಟೀನರು ನರಕಕ್ಕೇ ಎಂದರು, ಅತಿ ಹಗುರವಾದ ಶಿಕ್ಷೆಯೊಡನೆ. ಮಧ್ಯಯುಗದ ಪಂಡಿತರಿಗೆ ಅದು ತಡೆಯಲಾಗದೆ ಲಿಂಬೋ ಎಂಬ ಅಂಚಿನ ಜಾಗವನ್ನು ಕಲ್ಪಿಸಿದರು. ಅಲ್ಲಿ ನೋವಿಲ್ಲ, ಆದರೆ ದೇವರ ದರ್ಶನವೂ ಇಲ್ಲ. ಅದು ವಿಧ್ಯುಕ್ತ ಸಿದ್ಧಾಂತವಾಗಿರಲಿಲ್ಲ. ಆದರೂ ಹಳೆಯ ಧರ್ಮೋಪದೇಶದ ಪುಸ್ತಕಗಳಲ್ಲಿತ್ತು, ಅಮ್ಮನ ತಲೆಯಲ್ಲಿತ್ತು. ಮಗು ತೀರಿಕೊಂಡ ನಾಲ್ಕು ವರ್ಷಕ್ಕೆ, 1969ರಲ್ಲಿ, ಜ್ಞಾನಸ್ನಾನವಾಗದ ಮಕ್ಕಳಿಗೂ ಅಂತ್ಯಕ್ರಿಯೆಯ ವಿಧಿ ಬಂತು. 1983ರ ಹೊಸ ಕಾನೂನು, ಜ್ಞಾನಸ್ನಾನ ಕೊಡಿಸುವ ಮನಸ್ಸು ತಂದೆತಾಯಿಗೆ ಇದ್ದಿದ್ದರೆ ಅಂಥ ಮಕ್ಕಳಿಗೆ ಸಭೆಯ ಅಂತ್ಯಕ್ರಿಯೆ ನಡೆಸಲು ಬಿಷಪರು ಅನುಮತಿ ಕೊಡಬಹುದು ಎಂದಿತು. 2007ರಲ್ಲಿ ವ್ಯಾಟಿಕನ್‌ನ ದೈವಶಾಸ್ತ್ರ ಆಯೋಗ, ಆ ಮಕ್ಕಳಿಗೆ ರಕ್ಷಣೆ ಸಿಗುತ್ತದೆಂದು ಆಶಿಸಲು ಗಟ್ಟಿಯಾದ ಕಾರಣಗಳಿವೆ ಎಂದು ಬರೆಯಿತು.

ಆ ಸುದ್ದಿಯನ್ನು ಅಮ್ಮನಿಗೆ ಪೇಪರಿನಲ್ಲಿ ಓದಿ ಹೇಳಿದ್ದೂ ನಾನೇ. ಅವಳು ಹಿತ್ತಿಲಲ್ಲಿ ಕೂತು ಹುಣಸೆಯ ಬೀಜ ಬಿಡಿಸುತ್ತಿದ್ದಳು. ಪೂರ್ತಿ ಕೇಳಿದಳು. ಕೈ ನಿಂತಿತು. "ಹಾಗಾದರೆ ಇಷ್ಟು ವರ್ಷ ಅವನು ಎಲ್ಲಿದ್ದ?" ಎಂದಳು.

ಕಡಲ ದಂಡೆಯಲ್ಲಿ ಇದನ್ನು ಹೇಳಿದಾಗ ತಂಗಿಯ ಮಗಳು ನಡೆಯುವುದನ್ನು ನಿಲ್ಲಿಸಿಬಿಟ್ಟಳು. ಅವಳಿಗೆ ಈ ಕತೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ನೋಡಿ ಮಾಮ, ಇದಕ್ಕೇ ನಾವು ಬಿಟ್ಟು ಹೋದದ್ದು. ಒಂದು ಮಗುವನ್ನು ಗೋಡೆಯ ಹೊರಗಿಡುವ ಸಿದ್ಧಾಂತ ದೇವರದ್ದಾಗಲಿಕ್ಕೆ ಸಾಧ್ಯವೇ ಇಲ್ಲ" ಎಂದಳು. ಅವಳ ಕಣ್ಣು ತುಂಬಿತ್ತು. ಅವಳ ಮಾತು ಸರಿ. ಧರ್ಮೋಪದೇಶ ಕಲಿಸಿದವನಾಗಿಯೂ ಇದನ್ನು ಒಪ್ಪಿ ಬರೆಯುತ್ತಿದ್ದೇನೆ: ಅಂದು ಅಪ್ಪನಿಗೆ ಸಿಕ್ಕ ಉತ್ತರ ತಪ್ಪು. ನಿಯಮ ಹಾಗಿತ್ತು ಎಂಬುದರಿಂದ ಅದು ಸರಿಯಾಗುವುದಿಲ್ಲ. ಸಭೆ ತನ್ನ ಮಾತನ್ನು ಬದಲಿಸಲು ತೆಗೆದುಕೊಂಡ 42 ವರ್ಷ ಅಮ್ಮನ ಪಾಲಿಗೆ ಒಂದೊಂದು ರಾತ್ರಿಯಾಗಿ ಕಳೆದದ್ದು.

ಆದರೆ ಮನಸ್ಸಿನಲ್ಲಿ ಅದೇ ಮಗುವಿನ ಸಮಾಧಿಯ ಹತ್ತಿರ ನಿಂತು ಅವಳ ಸಭೆಯ ಪುನರುತ್ಥಾನವನ್ನೂ ನಾನು ಪ್ರಶ್ನಿಸಬೇಕಾಯಿತು. ಯೇಸು ಶಿಷ್ಯರ ನೆನಪಿನಲ್ಲಿ, ಅವರು ಮಾಡಿದ ಕೆಲಸದಲ್ಲಿ ಎದ್ದುಬಂದ, ನಾವೂ ನಮ್ಮನ್ನು ಪ್ರೀತಿಸಿದವರಲ್ಲಿ ಉಳಿಯುತ್ತೇವೆ ಎನ್ನುತ್ತಾರೆ. ದೊಡ್ಡ ಬಾಳು ಬಾಳಿದವರಿಗೆ ಅದು ಸರಿಹೋಗಬಹುದು. ಮೂರು ತಾಸು ಉಸಿರಾಡಿದವನಿಗೆ? ಅವನು ಯಾವ ಬೋಧನೆಯನ್ನೂ ಬಿಟ್ಟುಹೋಗಲಿಲ್ಲ. ಅವನನ್ನು ಕಂಡವರು ಮೂವರು: ಅಮ್ಮ, ಅಪ್ಪ, ಆ ಹಾಲಕ್ಕಿ ಅಜ್ಜಿ. ಮೂವರೂ ಈಗ ಇಲ್ಲ. ನೆನಪಿನಲ್ಲಿ ಬದುಕುವುದಾದರೆ ಅವನು 2023ರಲ್ಲಿ ಅಮ್ಮನ ಜೊತೆಗೇ ಎರಡನೇ ಸಲ ಸತ್ತ. ಹಳೆಯ ನಿಯಮ ಅವನನ್ನು ಗೋಡೆಯ ಹೊರಗಿಟ್ಟಿತು. ಹೊಸ ಅರ್ಥದಲ್ಲಿ ಅವನಿಗೆ ಇರಲು ಜಾಗವೇ ಇಲ್ಲ.

ಅವಳು ಮೌನವಾಗಿದ್ದ ಆ ಸಾಲು, 'ಪಾತಾಳಕ್ಕೆ ಇಳಿದು', ಇಡೀ ಪ್ರಮಾಣದಲ್ಲಿ ಬಿಡಲು ಎಲ್ಲಕ್ಕಿಂತ ಸುಲಭವಾದದ್ದು. ನಿಸೆಯಾದ ಪ್ರಮಾಣದಲ್ಲಿ ಅದು ಇಲ್ಲವೇ ಇಲ್ಲ. ಭೂಮಿಯ ಕೆಳಗೆ ಸತ್ತವರ ಲೋಕವೊಂದಿದೆ ಎಂದು ಈಗ ಯಾರು ನಂಬುತ್ತಾರೆ? ಪೂರ್ವದ ಆರ್ಥೊಡಾಕ್ಸ್ ಚರ್ಚುಗಳ ಚಿತ್ರಪಟಗಳಲ್ಲಿ ಯೇಸು ಮುರಿದುಬಿದ್ದ ಬಾಗಿಲುಗಳ ಮೇಲೆ ನಿಂತು, ಆದಾಮ ಮತ್ತು ಏವಳನ್ನು ಮಣಿಕಟ್ಟು ಹಿಡಿದು ಗೋರಿಯಿಂದ ಮೇಲಕ್ಕೆಳೆಯುತ್ತಿರುತ್ತಾನೆ. ಅವರು ಅವನನ್ನು ಹಿಡಿದಿಲ್ಲ, ಅವನು ಅವರನ್ನು ಹಿಡಿದಿದ್ದಾನೆ. ಆದಾಮನಿಗೂ ಜ್ಞಾನಸ್ನಾನ ಆಗಿರಲಿಲ್ಲ.

ಅಮ್ಮ ಈ ಚಿತ್ರವನ್ನು ನೋಡಿದವಳಲ್ಲ. ಆದರೆ ಸಂಜೆಯ ಜಪಸರಕ್ಕೆ ಮೊದಲು ಪ್ರಮಾಣ ಹೇಳುವಾಗ ಆ ಸಾಲಿಗೆ ಬಂದರೆ ಅವಳು ನಿಧಾನಿಸುತ್ತಿದ್ದಳು. ನಾವು ಮಕ್ಕಳು ಮುಂದೆ ಓಡುತ್ತಿದ್ದೆವು, ಅವಳು ಹಿಂದೆ ಉಳಿಯುತ್ತಿದ್ದಳು. ತೀರಿಕೊಳ್ಳುವ ವರ್ಷ ಒಮ್ಮೆ ಕೇಳಿದೆ, ಯಾಕಮ್ಮ ಅಲ್ಲಿ ನಿಲ್ಲುತ್ತೀ ಅಂತ. "ಅಲ್ಲಿಗೂ ಹೋಗಿದ್ದಾನಲ್ಲ ಅವನು. ಹೋದವನು ನಮ್ಮವನನ್ನು ನೋಡದೆ ಬಂದಿರುತ್ತಾನಾ?" ಎಂದಳು. ಯಾವ ಆಯೋಗವೂ ಕೊಡುವ ಮೊದಲೇ ಅವಳು ತನ್ನ ಉತ್ತರವನ್ನು ಪ್ರಮಾಣದೊಳಗಿಂದಲೇ ಹುಡುಕಿಕೊಂಡಿದ್ದಳು. ಆ ಇಡೀ ಪ್ರಮಾಣದಲ್ಲಿ ಅವಳ ಮಗ ಇದ್ದದ್ದು ಆ ಎರಡು ಪದಗಳಲ್ಲಿ. ಇಂದಿನ ಬುದ್ಧಿಗೆ ಒಗ್ಗದ್ದನ್ನು ಜೆಫರ್ಸನ್‌ನ ಹಾಗೆ ಕತ್ತರಿಸುತ್ತ ಹೋದರೆ ಮೊದಲು ಬೀಳುವುದೂ ಅವೇ.

ಇದನ್ನೆಲ್ಲ ಹೇಳಿದಾಗ ತಂಗಿಯ ಮಗಳು ನನ್ನನ್ನು ಒಪ್ಪಲಿಲ್ಲ. "ಬೇಕು ಅನ್ನಿಸುವುದೆಲ್ಲ ನಿಜವಾಗಬೇಕಿಲ್ಲ ಮಾಮ" ಎಂದಳು, ಮೆಲ್ಲಗೆ, ನೋಯಿಸುವ ಇಚ್ಛೆಯಿಲ್ಲದೆ. ಹೌದು, ಆಗಬೇಕಿಲ್ಲ. ಕ್ರಿಸ್ತನು ಎದ್ದು ಬರಲಿಲ್ಲವಾದರೆ ನಮ್ಮ ನಂಬಿಕೆ ಹುರುಳಿಲ್ಲದ್ದು ಎಂದು ಪೌಲನೇ ಕೊರಿಂಥದವರಿಗೆ ಬರೆದಿದ್ದಾನೆ. ಅಷ್ಟನ್ನೂ ಪಣಕ್ಕಿಟ್ಟೇ ನಾನು ಆ ಸಾಲನ್ನು ಹೇಳುತ್ತೇನೆ. ಅವಳು ಹೇಳದಿರುವುದೂ ಸತ್ಯಕ್ಕಾಗಿಯೇ ಎಂದು ನನಗೆ ಗೊತ್ತು, ಮತ್ತು ಆ ಮೌನದ ಮೇಲೆ ನನಗೆ ಈಗ ಗೌರವವಿದೆ.

ನವೆಂಬರ್ 2, ಮೃತರ ಸ್ಮರಣೆಯ ದಿನ. ಸಂಜೆ ಸ್ಮಶಾನದ ತುಂಬ ಮೇಣದ ಬತ್ತಿ, ಸೇವಂತಿಗೆ. ಅಪ್ಪ ಅಮ್ಮನ ಸಮಾಧಿಗೆ ಹೂವಿಟ್ಟು, ಹಿಂದಿನ ಚಿಕ್ಕ ಗೇಟಿನಿಂದ ಅವಳನ್ನು ಹೊರಗೆ ಕರೆದುಕೊಂಡು ಹೋದೆ. ಗೇರು ಮರ ಈಗ ಬಹಳ ದೊಡ್ಡದಾಗಿದೆ, ಒಂದು ಕೊಂಬೆ ಗೋಡೆಯ ಮೇಲೆ ಒರಗಿದೆ. ಗಾಳಿಗೆ ಬತ್ತಿ ನಿಲ್ಲಲಿಲ್ಲ. ಅವಳು ಎರಡು ಕಲ್ಲು ಆಸರೆಯಿಟ್ಟು ಮತ್ತೆ ಹಚ್ಚಿದಳು.

ಒಳಗೆ ಫಾದರ್ ಸಮಾಧಿಯಿಂದ ಸಮಾಧಿಗೆ ಪವಿತ್ರಜಲ ಚಿಮುಕಿಸುತ್ತ ಬರುತ್ತಿದ್ದರು. ಹೊಸಬರು, ಚಿಕ್ಕ ವಯಸ್ಸು. ನಾನು ಏನನ್ನೂ ಹೇಳುವ ಮೊದಲೇ ಅವಳು ಗೇಟಿನ ಹತ್ತಿರ ಹೋಗಿ, "ಫಾದರ್, ಹೊರಗೂ ಒಬ್ಬ ಇದ್ದಾನೆ" ಎಂದಳು. ಅವರು ಏನೂ ಕೇಳಲಿಲ್ಲ. ನಿಲುವಂಗಿಯನ್ನು ಎತ್ತಿ ಹಿಡಿದು ಗೇಟು ದಾಟಿ ಬಂದರು. ಬಿದ್ದ ಎಲೆಗಳ ಮೇಲೆ ನೀರು ಟಪಟಪ ಸದ್ದು ಮಾಡಿತು.

"ಹೆಸರು?" ಎಂದು ಕೇಳಿದರು. ಅವಳು ನನ್ನ ಮುಖ ನೋಡಿದಳು. ಅಮ್ಮ ಮನಸ್ಸಿನಲ್ಲೇ ಇಟ್ಟು, ನನಗೊಬ್ಬನಿಗೇ ಹೇಳಿದ್ದ ಹೆಸರನ್ನು ಹೇಳಿದೆ. ಫಾದರ್ ಆ ಹೆಸರು ಹಿಡಿದು ಪ್ರಾರ್ಥನೆ ಶುರುಮಾಡಿದರು, ನಾವು ದನಿಗೂಡಿಸಿದೆವು. ಅವಳು ಯಾವ ಸಾಲು ಹೇಳಿದಳು, ಯಾವುದನ್ನು ಬಿಟ್ಟಳು ಎಂದು ಈ ಸಲ ನಾನು ಕಿವಿಗೊಡಲಿಲ್ಲ.